ಪತ್ತನಾಜೆಗೆ ಮೊದಲೇ ಟ್ಯೂಶನ್ ತಯಾರಿ: ಕಾಸರಗೋಡಿನಲ್ಲಿ ಪಾಠ ಹೇಳುವವರಿಗೆ

ಪತ್ತನಾಜೆ (ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಸುಮಾರಿಗೆ) ಕಳೆದು ಯಕ್ಷಗಾನದ ಆಟ, ಭೂತದ ಕೋಲ, ಮದುವೆಗಳ ಗೌಜಿ ಇಳಿದ ಮೇಲೆಯೇ ನಮ್ಮ ಕಡೆ ಮನೆಗಳಲ್ಲಿ ಕೊಡೆ, ಚೀಲ, ಪುಸ್ತಕದ ಮಾತು ಏಳುವುದು. ಅಲ್ಲಿಂದ ಶಾಲೆ ತೆರೆಯುವ ಜೂನ್ ಒಂದಕ್ಕೆ ಉಳಿಯುವುದು ಒಂದೇ ವಾರ. ಪೋಷಕರಿಗೆ ಅಷ್ಟು ಸಾಕು, ಟ್ಯೂಶನ್ ನಡೆಸುವವರಿಗೆ ಸಾಲದು. ಮಳೆ ಹಿಡಿದ ಮೇಲೆ ಗೋಡೆಗೆ ಬಳಿದ ಬ್ಲ್ಯಾಕ್‌ಬೋರ್ಡಿನ ಬಣ್ಣ ಒಣಗುವುದಿಲ್ಲ, ಸೇರಿಸಿಕೊಂಡ ಮೇಲೆ ಮಕ್ಕಳ ಸಮಯ ಬದಲಾಯಿಸಲಿಕ್ಕೆ ಆಗುವುದಿಲ್ಲ, ಒಮ್ಮೆ ಹೇಳಿದ ಫೀಸನ್ನು ಆ ವರ್ಷ ಏರಿಸಲಿಕ್ಕೂ ಆಗುವುದಿಲ್ಲ. ಈ ಮೂರೂ ಮೇ ತಿಂಗಳಲ್ಲೇ ಮುಗಿಯಬೇಕು. ಜಾಹೀರಾತು ಎಲ್ಲಕ್ಕಿಂತ ಕೊನೆಗೆ. ಹೆಚ್ಚಿನವರು ಮೊದಲು ಬೋರ್ಡು ಬರೆಸಿ, ಆಮೇಲೆ ಬಂದ ಮಕ್ಕಳನ್ನು ಎಲ್ಲಿ ಕೂರಿಸುವುದೆಂದು ತಲೆ ಕೆರೆದುಕೊಳ್ಳುತ್ತಾರೆ.

ಮೊದಲು ಗಂಟೆ ಲೆಕ್ಕ

ಟ್ಯೂಶನಿನಲ್ಲಿ ಮಾರಲಿಕ್ಕಿರುವ ಸರಕು ಗಂಟೆ. ಅದು ಎಷ್ಟಿದೆ ಎಂದು ತಿಳಿಯದೆ ಎಷ್ಟು ಮಕ್ಕಳನ್ನು ತೆಗೆದುಕೊಳ್ಳಬಹುದು ಎಂದು ಹೇಳಲಾಗದು. ಒಂದು ಹಾಳೆಯಲ್ಲಿ ಏಳು ದಿನಗಳ ಗೆರೆ ಎಳೆಯಿರಿ. ಮಕ್ಕಳು ಬರಲಾಗದ ಹೊತ್ತನ್ನೆಲ್ಲ ಮೊದಲು ಕೆಂಪಿನಲ್ಲಿ ಹೊಡೆದು ಹಾಕಿ.

ಬೆಳಿಗ್ಗೆ ಏಳು, ಏಳೂವರೆಯಿಂದ ಒಂಬತ್ತರ ತನಕ ಮದರಸಕ್ಕೆ ಹೋಗುವ ಮಕ್ಕಳು ಸಿಗುವುದಿಲ್ಲ. ಹೆಚ್ಚಿನ ಮದರಸಗಳಿಗೆ ವಾರದ ರಜೆ ಶುಕ್ರವಾರ, ಭಾನುವಾರ ಅಲ್ಲ. ಇದನ್ನು ಮರೆತು ಭಾನುವಾರ ಬೆಳಿಗ್ಗೆ ಎಂಟಕ್ಕೆ ಬ್ಯಾಚ್ ಇಟ್ಟರೆ ಉಪ್ಪಳ, ಕುಂಬಳೆ ಕಡೆಗಳಲ್ಲಿ ಅರ್ಧ ಬೆಂಚು ಖಾಲಿ. ಭಾನುವಾರದ ತರಗತಿ ಹತ್ತೂ ಕಾಲಕ್ಕೆ ಶುರುವಾಗಲಿ. ಸಂಜೆ ಶಾಲೆ ಬಿಟ್ಟು ಬಸ್ಸಿನಲ್ಲಿ ಬಂದು ಚಾ ಕುಡಿದು ಮಗು ನಿಮ್ಮ ಜಗಲಿ ಮುಟ್ಟುವಾಗ ಐದೂ ಕಾಲು. ಜೂನಿನಲ್ಲಿ ಏಳರ ಹತ್ತಿರದವರೆಗೆ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಆರೂ ಕಾಲರೊಳಗೆ ಸೂರ್ಯ ಮುಳುಗಿರುತ್ತಾನೆ. ಜೂನಿನಲ್ಲಿ ಸಲೀಸಾಗಿ ನಡೆದ 5.15–6.45ರ ಬ್ಯಾಚಿನಿಂದ ಡಿಸೆಂಬರಿನಲ್ಲಿ ಹೆಣ್ಣುಮಕ್ಕಳನ್ನು ಮನೆಯವರು ಬಿಡಿಸುವುದು ಇದೇ ಕಾರಣಕ್ಕೆ. ಪಾಠ ಸರಿಯಿಲ್ಲ ಅಂತಲ್ಲ, ತೋಟದ ದಾರಿ ಕತ್ತಲೆ. ಮಗ್ರಿಬ್ ಬಾಂಕಿನ (ಸೂರ್ಯ ಮುಳುಗಿದಾಗಿನ ನಮಾಜಿನ ಕರೆಯ) ಹೊತ್ತಿಗೆ ಮನೆ ಸೇರಬೇಕಾದ ಮಕ್ಕಳಿಗೂ ಇದೇ ತೊಂದರೆ. ಹಾಗಾಗಿ ಸೇರಿಸುವಾಗಲೇ ಹೇಳಿಬಿಡಿ: ನವೆಂಬರಿನಿಂದ ಜನವರಿ ಕೊನೆಯ ತನಕ ಸಂಜೆಯ ತರಗತಿ 5.15ರಿಂದ 6ರ ವರೆಗೆ, ಕಡಿಮೆಯಾದ ಹೊತ್ತು ಶನಿವಾರಕ್ಕೆ.

ರಂಜಾನ್ ಪ್ರತಿ ವರ್ಷ 10–11 ದಿನ ಹಿಂದಕ್ಕೆ ಸರಿಯುತ್ತದೆ. 2026ರಲ್ಲಿ ಉಪವಾಸ ಶುರುವಾದದ್ದು ಫೆಬ್ರವರಿ ಮಧ್ಯದ ನಂತರ, 2027ರಲ್ಲಿ ಫೆಬ್ರವರಿ ಎರಡನೇ ವಾರದ ಸುಮಾರಿಗೆ ಬರುತ್ತದೆ. ಅಂದರೆ ಹತ್ತನೇ ತರಗತಿಯ ಕೊನೆಯ ಅಭ್ಯಾಸದ ತಿಂಗಳಲ್ಲೇ. ಆ ತಿಂಗಳು ಸಂಜೆಯ ಬ್ಯಾಚ್ ನಡೆಯದು ಎಂದೇ ಲೆಕ್ಕ ಹಾಕಿ, ರಿವಿಜನನ್ನು ಜನವರಿಗೆ ತನ್ನಿ.

ಕೆಂಪು ಹೊಡೆದ ಮೇಲೆ ಒಬ್ಬರೇ ನಡೆಸುವ ಟ್ಯೂಶನಿಗೆ ಸಾಮಾನ್ಯವಾಗಿ ಉಳಿಯುವುದು ಇಷ್ಟು: ವಾರದ ದಿನಗಳ ಸಂಜೆ 5, ಶನಿವಾರ 3, ಭಾನುವಾರ 2, ಮದರಸ ಇಲ್ಲದವರಿಗೆ ಬೆಳಿಗ್ಗೆ 2. ಒಟ್ಟು ಒಂದೂವರೆ ಗಂಟೆಯ 12 ಅವಧಿ. ಒಂದು ಬ್ಯಾಚಿಗೆ ವಾರಕ್ಕೆ 3 ಅವಧಿ ಬೇಕಾದರೆ ಕಾಗದದ ಮೇಲೆ 4 ಬ್ಯಾಚ್ ಆಗುತ್ತದೆ. ಮೂರೇ ಮಾಡಿ. ಉಳಿದ 3 ಅವಧಿ ಮಳೆಯಲ್ಲಿ ಹೋದ ಪಾಠಕ್ಕೆ, ಶಾಲೆ ಇರುವ ಶನಿವಾರಕ್ಕೆ, ಹಿಂದೆ ಬಿದ್ದ ನಾಲ್ಕು ಮಕ್ಕಳಿಗೆ. ಬ್ಯಾಚಿಗೆ 10 ಮಂದಿಯಂತೆ 30 ಮಕ್ಕಳು. ನಾಲ್ಕನೇ ಬ್ಯಾಚಿನ ಆಸೆ ಬಿದ್ದವರಿಗೆ ಜುಲೈ ಬಂದಾಗ ಬಿಟ್ಟುಹೋದ ತರಗತಿ ತುಂಬಿಸಲಿಕ್ಕೆ ಜಾಗವೇ ಇರುವುದಿಲ್ಲ. ಆಗ ಪೋಷಕರು ಲೆಕ್ಕ ಕೇಳುತ್ತಾರೆ, ಕೇಳುವುದು ನ್ಯಾಯವೇ.

ಮಳೆ ರಜೆಯ ಬಗ್ಗೆ ಒಂದು ಮಾತು. ಜಿಲ್ಲಾಧಿಕಾರಿ ರಜೆ ಸಾರುವಾಗ ಅಂಗನವಾಡಿ, ಮದರಸದ ಜತೆ ಟ್ಯೂಶನ್ ಕೇಂದ್ರಗಳನ್ನೂ ಸೇರಿಸಿ ಹೇಳುವುದು ರೂಢಿ. ಶಾಲೆ ಇಲ್ಲದ ದಿನ ಮಕ್ಕಳು ಸಿಗುತ್ತಾರೆ ಎಂದು ಕರೆಸಬೇಡಿ. ಸಂಕ (ಕಾಲುಸೇತುವೆ) ದಾಟಿ ಬರುವ ಮಗುವಿಗೆ ತೋಡಿನಲ್ಲಿ ನೀರು ಏರಿದರೆ ಉತ್ತರ ಕೊಡಬೇಕಾದವರು ನೀವು.

ಫೀಸು ಎಷ್ಟು

ಪಕ್ಕದವರು ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ನೋಡುವುದು ಎರಡನೇ ಕೆಲಸ. ಮೊದಲು ಸ್ವಂತ ಲೆಕ್ಕ. ಒಂದು ಉದಾಹರಣೆ, ನಿಮ್ಮ ಸಂಖ್ಯೆ ಹಾಕಿ ನೋಡಿಕೊಳ್ಳಿ.

ತಿಂಗಳ ಖರ್ಚು: ಕೋಣೆ ಬಾಡಿಗೆ 3,500, ಕರೆಂಟು 500, ಜೆರಾಕ್ಸ್ ಮತ್ತು ಕಾಗದ 1,200, ಗುಡಿಸಿ ಒರೆಸುವವರಿಗೆ 600, ಫೋನ್–ನೆಟ್ 400, ವಾರಕ್ಕೆರಡು ದಿನ ಹಿಂದಿ ಅಥವಾ ಮಲಯಾಳ ಹೇಳಿಕೊಡುವವರಿಗೆ 4,000. ಒಟ್ಟು 10,200 ರೂಪಾಯಿ. ಪಾಠ ನಡೆಯುವುದು ಜೂನಿನಿಂದ ಮಾರ್ಚ್ ತನಕ 10 ತಿಂಗಳು, ಆದರೆ ಬಾಡಿಗೆ 12 ತಿಂಗಳು, ಮನೆಯ ಒಲೆ ಉರಿಯಬೇಕಾದದ್ದೂ 12 ತಿಂಗಳು. ಹೊಸಬರು ತಪ್ಪುವುದು ಇಲ್ಲೇ. ವರ್ಷಕ್ಕೆ ಖರ್ಚು 1,02,000, ಏಪ್ರಿಲ್–ಮೇ ಬಾಡಿಗೆ 7,000, ಬೋರ್ಡು–ಬೆಂಚು–ದೀಪಕ್ಕೆ 15,000. ನಿಮ್ಮ ಕೈಗೆ ತಿಂಗಳಿಗೆ 18,000 ಬೇಕೆಂದರೆ 2,16,000. ಎಲ್ಲ ಸೇರಿ 3,40,000. ಇದನ್ನು 30 ಮಕ್ಕಳು, 10 ತಿಂಗಳಿಗೆ ಹಂಚಿದರೆ ಮಗುವಿಗೆ 1,133. ಆದರೆ ಎಲ್ಲರೂ ಎಲ್ಲ ತಿಂಗಳೂ ಕೊಡುವುದಿಲ್ಲ. ಹತ್ತರಲ್ಲಿ ಒಂದು ಪಾಲು ಬಾರದು ಎಂದು ಹಿಡಿದರೆ 1,259, ಅಂದರೆ 1,250ರ ಹತ್ತಿರ.

ಊರಿನಲ್ಲಿ 900ಕ್ಕಿಂತ ಹೆಚ್ಚು ನಡೆಯುವುದಿಲ್ಲ ಎಂದಾದರೆ? ಆಗ ಅದೇ ಲೆಕ್ಕದಲ್ಲಿ ಬರುವುದು 2,43,000. ಖರ್ಚು 1,24,000 ಕಳೆದರೆ 1,19,000 ಉಳಿಯಿತು, ತಿಂಗಳಿಗೆ ಹತ್ತು ಸಾವಿರಕ್ಕೂ ಸ್ವಲ್ಪ ಕಡಿಮೆ. ಅದು ಸಾಕೇ ಎಂದು ಮೇ ತಿಂಗಳಲ್ಲಿ ತೀರ್ಮಾನಿಸಿ. ಸಾಲದಿದ್ದರೆ ಬಾಡಿಗೆ ಕೋಣೆ ಬಿಟ್ಟು ಮನೆಯ ಚಾವಡಿಯಲ್ಲೇ ನಡೆಸುವುದು ಒಂದು ದಾರಿ, ಹತ್ತನೆಯವರಿಗೆ ಹೆಚ್ಚು ಫೀಸು ಇಡುವುದು ಇನ್ನೊಂದು. ಬ್ಯಾಚಿಗೆ 16 ಮಂದಿಯನ್ನು ತುರುಕುವುದು ದಾರಿಯಲ್ಲ. ಆರು ತಿಂಗಳಲ್ಲಿ ಫಲಿತಾಂಶ ಬೀಳುತ್ತದೆ, ಮರುವರ್ಷ ಮಕ್ಕಳು ಬೀಳುತ್ತಾರೆ.

ವಸೂಲಿಯ ತಾರೀಕು ಮನೆಯ ಆದಾಯಕ್ಕೆ ಹೊಂದಲಿ. ಗಲ್ಫಿನಿಂದ ಹಣ ಬರುವ ಮನೆಗೂ ಸಂಬಳದ ಮನೆಗೂ 5ರಿಂದ 10ನೇ ತಾರೀಕು. ಅಡಿಕೆಯನ್ನೇ ನಂಬಿದ ಮನೆಗೆ ತಿಂಗಳ ಫೀಸಿಗಿಂತ ಮೂರು ಕಂತು ಒಳ್ಳೆಯದು. ಅಡಿಕೆ ಮಾರದೆ ಅವರ ಕೈಗೆ ದುಡ್ಡು ಬಾರದು, ನೀವು ತಿಂಗಳು ತಿಂಗಳು ಕೇಳಿದರೆ ಮಗು ಮುಖ ತಪ್ಪಿಸಲಿಕ್ಕೆ ಶುರುಮಾಡುತ್ತದೆ. ಬಾಕಿಯ ಮಾತನ್ನು ಯಾವತ್ತೂ ಮಗುವಿನ ಹತ್ತಿರ ಆಡಬೇಡಿ. "ಮಾಷ್ಟ್ರೇ, ಇಬ್ಬರು ಮಕ್ಕಳಲ್ಲವಾ, ಸ್ವಲ್ಪ ಕಡಿಮೆ ಮಾಡಿ" ಎಂದು ಕೇಳಿಯೇ ಕೇಳುತ್ತಾರೆ. ಎರಡನೇ ಮಗುವಿಗೆ ಎಷ್ಟು ಬಿಡುತ್ತೀರಿ ಎಂಬುದನ್ನು ಮೊದಲೇ ಬರೆದಿಡಿ, ಕೇಳಿದವರಿಗೆಲ್ಲ ಅದೇ. ಒಬ್ಬರಿಗೆ ನೂರು, ಇನ್ನೊಬ್ಬರಿಗೆ ಇನ್ನೂರು ಬಿಟ್ಟರೆ ಎರಡು ದಿನದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಸುದ್ದಿ.

ಕಾಗದಪತ್ರ

ಟ್ಯುಟೋರಿಯಲ್ ಸಂಸ್ಥೆಯ ನೋಂದಣಿ, ವೃತ್ತಿ ತೆರಿಗೆ ಎರಡನ್ನೂ ನಿಮ್ಮ ಪಂಚಾಯತು ಅಥವಾ ನಗರಸಭೆಯ ಕಚೇರಿಯಲ್ಲಿ ಮೇ ತಿಂಗಳಲ್ಲೇ ವಿಚಾರಿಸಿ. ಸರಕಾರಿ ಮತ್ತು ಎಯ್ಡೆಡ್ (ಅನುದಾನಿತ) ಶಾಲೆಯ ಅಧ್ಯಾಪಕರು ಖಾಸಗಿ ಟ್ಯೂಶನ್ ಹೇಳುವಂತಿಲ್ಲ. ಅವರನ್ನು ಸಹಾಯಕ್ಕೆ ಕರೆದು ಇಬ್ಬರೂ ಸಿಕ್ಕಿಕೊಳ್ಳಬೇಡಿ, ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುವವರು ಪ್ರತಿ ಊರಿನಲ್ಲೂ ಇದ್ದಾರೆ. ವರ್ಷದ ಒಟ್ಟು ವಸೂಲಿ 20 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿಯ ತಲೆನೋವಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ 50ಕ್ಕಿಂತ ಹೆಚ್ಚು ಮಕ್ಕಳಿರುವ ಕೋಚಿಂಗ್ ಕೇಂದ್ರಗಳಿಗೆ. ಆದರೆ ಅದರ ಎರಡು ಮಾತು ಸಣ್ಣವರಿಗೂ ಒಳ್ಳೆಯ ಅಳತೆ: ಮಗುವಿಗೆ ಕನಿಷ್ಠ 1 ಚದರ ಮೀಟರ್ ಜಾಗ, ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ಅವಧಿಯ ಹಣ 10 ದಿನದೊಳಗೆ ವಾಪಸು.

ಕೋಣೆ

12 ಅಡಿಗೆ 12 ಅಡಿ ಎಂದರೆ ಸುಮಾರು 13 ಚದರ ಮೀಟರ್. ಹತ್ತು ಮಕ್ಕಳು, ಒಂದು ಬೋರ್ಡು, ನೀವು. ಅದಕ್ಕಿಂತ ಹೆಚ್ಚಿಲ್ಲ. ಗೋಡೆಯ ಬೋರ್ಡು 6 ಅಡಿ ಉದ್ದ, 4 ಅಡಿ ಎತ್ತರ; ಕೆಳಗಿನ ಅಂಚು ನೆಲದಿಂದ ಎರಡೂವರೆ ಅಡಿಯಲ್ಲಿರಲಿ, ಇಲ್ಲದಿದ್ದರೆ ಐದನೇ ತರಗತಿಯ ಮಗು ಬೋರ್ಡಿಗೆ ಬಂದು ಲೆಕ್ಕ ಮಾಡಲಿಕ್ಕೆ ಆಗುವುದಿಲ್ಲ. ಬ್ಲ್ಯಾಕ್‌ಬೋರ್ಡ್ ಪೈಂಟ್ ಎರಡು ಕೋಟು, ನಡುವೆ ಒಂದು ದಿನ ಬಿಡಿ. ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಇಡೀ ಬೋರ್ಡಿಗೆ ಉಜ್ಜಿ ಒರೆಸಿ. ಇದನ್ನು ಬಿಟ್ಟರೆ ಮೊದಲ ದಿನ ಬರೆದ ಅಕ್ಷರದ ನೆರಳು ವರ್ಷವಿಡೀ ಹೋಗುವುದಿಲ್ಲ. ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆಯಾದರೆ ಹೊರಗೋಡೆಯಲ್ಲದ, ಮಳೆನೀರು ಇಂಗದ ಬದಿ ಆರಿಸಿ.

ಜೂನಿನ ಟ್ಯೂಶನ್ ಕೋಣೆ ಅಂದರೆ ಹತ್ತು ಒದ್ದೆ ಕೊಡೆ, ಇಪ್ಪತ್ತು ಕೆಸರು ಚಪ್ಪಲಿ, ಹತ್ತು ಒದ್ದೆ ಚೀಲ. ಕೊಡೆಗೆ ಜಗಲಿಯಲ್ಲಿ ತಳ ತೂತಾದ ಬಕೆಟು, ಚೀಲಕ್ಕೆ ಗೋಡೆಯಲ್ಲಿ ಹತ್ತು ಮೊಳೆ, ಬಾಗಿಲಲ್ಲಿ ಎರಡು ಗೋಣಿಚೀಲ. ಮೆಟ್ಟಿಲ ಪಾಚಿಗೆ ಮೇ ಕೊನೆಗೆ ಬ್ಲೀಚಿಂಗ್ ಪೌಡರ್ ಹಾಕಿ ಗೀಸಿ, ಜುಲೈಯಲ್ಲಿ ಇನ್ನೊಮ್ಮೆ. ಕಾಗದದ ಕಟ್ಟನ್ನು ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬದಲ್ಲಿಡಿ. ತೇವ ಹಿಡಿದ ಹಾಳೆ ಪ್ರಿಂಟರಿನಲ್ಲಿ ಎರಡೆರಡು ಅಂಟಿಕೊಂಡು ಸಿಕ್ಕಿಬೀಳುತ್ತದೆ, ಪರೀಕ್ಷೆಯ ಹಿಂದಿನ ದಿನವೇ.

ಕರೆಂಟು ಹೋಗುವುದು ಖಂಡಿತ. 20 ವ್ಯಾಟಿನ ಎರಡು ಎಲ್‌ಇಡಿ ಟ್ಯೂಬ್, ಎರಡು ಫ್ಯಾನ್ ಸೇರಿ 190 ವ್ಯಾಟ್ ಆಗುತ್ತದೆ. 150 ಆಂಪಿಯರ್-ಅವರಿನ ಒಳ್ಳೆಯ ಬ್ಯಾಟರಿಯ ಇನ್ವರ್ಟರ್ ಇದನ್ನು ಸುಮಾರು 5 ಗಂಟೆ ಹೊರುತ್ತದೆ. ಅಷ್ಟು ದುಡ್ಡು ಹಾಕಲಾಗದಿದ್ದರೆ ಚಾರ್ಜ್ ಆಗುವ ಎಲ್‌ಇಡಿ ದೀಪ ಎರಡು ಸಾಕು, ಮಳೆಗಾಲದಲ್ಲಿ ಫ್ಯಾನು ಯಾರಿಗೆ ಬೇಕು. ಗುಡುಗು ಶುರುವಾದರೆ ಪ್ರಿಂಟರ್, ಮೋಡೆಮ್ ಪ್ಲಗ್ ಕಳಚಿ. ಪಾಠದ ಹೊತ್ತಿನಲ್ಲಿ ಬಾಗಿಲು ತೆರೆದೇ ಇರಲಿ, ಒಂಟಿ ಮಗುವಿಗೆ ಮುಚ್ಚಿದ ಕೋಣೆಯಲ್ಲಿ ಪಾಠ ಬೇಡ. ಮಕ್ಕಳ ಸಹಾಯವಾಣಿ 1098ನ್ನು ಗೋಡೆಯಲ್ಲಿ ಕಾಣುವಂತೆ ಬರೆಯಿರಿ.

ಸೇರಿಸುವ ಮೊದಲು ಒಂದು ಪರೀಕ್ಷೆ

ಇಡೀ ತಯಾರಿಯಲ್ಲಿ ಅತಿ ಹೆಚ್ಚು ಪ್ರಯೋಜನದ ಕೆಲಸ ಇದು, ಅತಿ ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ. ಅಂಕಪಟ್ಟಿಯ ಗ್ರೇಡು ನೋಡಿದರೆ ಮಗುವಿಗೆ ಏನು ಗೊತ್ತಿಲ್ಲ ಎಂದು ತಿಳಿಯುವುದಿಲ್ಲ. 40 ನಿಮಿಷದ, 20 ಪ್ರಶ್ನೆಯ ಒಂದು ಹಾಳೆ ಸಾಕು. ಎಂಟನೆಗೆ ಬರುವ ಮಗುವಿಗೆ ಎಂಟನೆಯದ್ದಲ್ಲ, ಐದು ಮತ್ತು ಆರನೇ ತರಗತಿಯ ಪಾಠದ ಪ್ರಶ್ನೆ ಕೊಡಿ. ಉತ್ತರ ಸರಿಯೋ ತಪ್ಪೋ ಎಂಬುದಕ್ಕಿಂತ ಹೇಗೆ ತಪ್ಪಿತು ಎಂಬುದನ್ನು ಬರೆದುಕೊಳ್ಳಿ.

2030 ÷ 7ಕ್ಕೆ 290ರ ಬದಲು 29 ಬರೆದರೆ ಭಾಗಾಕಾರ ಬರುತ್ತದೆ, ಸ್ಥಾನಬೆಲೆ ಬರುವುದಿಲ್ಲ. 3/4 + 2/3ಕ್ಕೆ 5/7 ಬರೆದ ಮಗು ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿದೆ. ಅದಕ್ಕೆ ಛೇದ ಎಂದರೆ ಏನೆಂದೇ ಗೊತ್ತಿಲ್ಲ, ಒಂದು ಚಪಾತಿಯನ್ನು ಕತ್ತರಿಸಿ ತೋರಿಸುವಲ್ಲಿಂದ ಶುರುಮಾಡಬೇಕು. –7 + 3ಕ್ಕೆ –10 ಬಂದರೆ ಸಂಖ್ಯಾರೇಖೆಗೆ ಎರಡು ತರಗತಿ ಇಡಿ, ಇಲ್ಲದಿದ್ದರೆ ಎಂಟನೆಯ ಬೀಜಗಣಿತ ನೀರಿನ ಮೇಲಿನ ಬರಹ.

ಇನ್ನು ಈ ಲೆಕ್ಕ: ಒಂದು ಕಿಲೋ ಅಡಿಕೆಗೆ 420 ರೂಪಾಯಿಯಾದರೆ 350 ಗ್ರಾಮಿಗೆ ಎಷ್ಟು? ಉತ್ತರ 147. ಮಗು ಬರೆಯದೆ ಬಿಟ್ಟರೆ ಅದೇ ಪ್ರಶ್ನೆಯನ್ನು ನೀವು ಓದಿ ಹೇಳಿ, ಬೇಕಾದರೆ ತುಳುವಿನಲ್ಲೋ ಮಲಯಾಳದಲ್ಲೋ ಹೇಳಿ. ಕೇಳಿದ ಕೂಡಲೇ ಮಾಡಿತೆಂದರೆ ತೊಂದರೆ ಗಣಿತದ್ದಲ್ಲ, ಓದಿನದ್ದು. ಸಪ್ತಭಾಷೆಯ ಈ ಜಿಲ್ಲೆಯಲ್ಲಿ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಯಾವುದೂ ಇರಬಹುದು, ಗ್ರಂಥಸ್ಥ ಕನ್ನಡ ಮಗುವಿಗೆ ಶಾಲೆಯಲ್ಲಷ್ಟೇ ಸಿಗುವ ಭಾಷೆ. ಅಂಥ ಮಗುವಿಗೆ ಇನ್ನೂ ಐವತ್ತು ಲೆಕ್ಕ ಮಾಡಿಸಿದರೆ ಪ್ರಯೋಜನವಿಲ್ಲ. ದಿನಕ್ಕೆ ಹತ್ತು ನಿಮಿಷ ಪ್ರಶ್ನೆಯನ್ನು ಗಟ್ಟಿಯಾಗಿ ಓದಿಸಿ, ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಎಂದು ಬಾಯಲ್ಲಿ ಹೇಳಿಸಿ. ಅದಕ್ಕಾಗಿ ಪರೀಕ್ಷೆಯ ಕೊನೆಗೆ ಎಂಟು ಸಾಲಿನ ಒಂದು ಕನ್ನಡ ಗದ್ಯ ಓದಿಸುವುದು, ಒತ್ತಕ್ಷರದ ಹತ್ತು ಶಬ್ದ ಉಕ್ತಲೇಖನ ಇವೂ ಇರಲಿ.

ಫಲಿತಾಂಶವನ್ನು ಪೋಷಕರಿಗೆ ಮೂರು ಸಾಲಿನಲ್ಲಿ ಬರೆದು ಕೊಡಿ: ಏನು ಬರುತ್ತದೆ, ಏನು ಬರುವುದಿಲ್ಲ, ಮೊದಲ ಆರು ವಾರ ಏನು ಮಾಡುತ್ತೇವೆ. ಎ ಪ್ಲಸ್ ಬರಿಸುತ್ತೇವೆ ಎಂಬ ಮಾತು ಬೇಡ.

ಪುಸ್ತಕ, ಶಬ್ದ, ಅಂಕ

ಮಂಗಳೂರಿನಿಂದ ಕರ್ನಾಟಕ ಪಠ್ಯದ ಗೈಡ್ ತಂದು ಕನ್ನಡ ಮಾಧ್ಯಮದ ಮಕ್ಕಳಿಗೆ ಹಂಚುವವರಿದ್ದಾರೆ. ಭಾಷೆ ಕನ್ನಡವೇ, ಆದರೆ ಪಾಠದ ಕ್ರಮ, ಪ್ರಶ್ನೆಯ ರೀತಿ, ಕೆಲವು ಪಾರಿಭಾಷಿಕ ಶಬ್ದ ಬೇರೆ. ಕೇರಳದ ಎಸ್‌ಸಿಇಆರ್‌ಟಿಯ (ರಾಜ್ಯದ ಪಠ್ಯಪುಸ್ತಕ ತಯಾರಿಸುವ ಸಂಸ್ಥೆ) ಕನ್ನಡ ಮಾಧ್ಯಮದ ಪಠ್ಯಪುಸ್ತಕವನ್ನೇ ಇಟ್ಟುಕೊಳ್ಳಿ. ಕೇರಳ ಶಿಕ್ಷಣ ಇಲಾಖೆಯ ಸಮಗ್ರ ಪೋರ್ಟಲಿನಲ್ಲಿ ಪಿಡಿಎಫ್ ಸಿಗುತ್ತದೆ. ನಿಮ್ಮ ಹಳೆಯ ನೋಟ್ಸನ್ನೂ ತಿರುಗಿ ನೋಡಿ: 1, 3, 5, 7, 9ನೇ ತರಗತಿಗೆ 2024–25ರಲ್ಲಿ, 2, 4, 6, 8, 10ಕ್ಕೆ 2025–26ರಲ್ಲಿ ಹೊಸ ಪುಸ್ತಕ ಬಂದಿದೆ. ಅದಕ್ಕೆ ಹಿಂದಿನ ಜೆರಾಕ್ಸ್ ಕಟ್ಟು ರದ್ದಿಗೆ.

ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ, ಇಂಗ್ಲಿಷ್, ಸಮಾಜ ವಿಜ್ಞಾನಕ್ಕೆ ಲಿಖಿತ ಪರೀಕ್ಷೆ 80, ನಿರಂತರ ಮೌಲ್ಯಮಾಪನ 20. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಕ್ಕೆ 40 ಮತ್ತು 10. ಪ್ರಶ್ನೆ ಓದಲಿಕ್ಕೆ 15 ನಿಮಿಷದ ಕೂಲ್ ಆಫ್ ಟೈಮ್ ಬೇರೆ. ಲಿಖಿತದಲ್ಲೇ ಶೇ. 30 ತೆಗೆಯಬೇಕೆಂಬ ಕನಿಷ್ಠ ಅಂಕದ ನಿಯಮ ಎಂಟನೇ ತರಗತಿಗೆ 2024–25ರಲ್ಲಿ ಬಂತು, ಅಲ್ಲಿಂದ ಹಂತಹಂತವಾಗಿ ಮೇಲಿನ ತರಗತಿಗಳಿಗೆ ಹೋಗುವಂತೆ ನಿಗದಿಯಾಗಿದೆ. ಅಂದರೆ 80ರಲ್ಲಿ 24, 40ರಲ್ಲಿ 12. ಪ್ರಾಜೆಕ್ಟಿನ ಅಂಕ ಕೈಹಿಡಿಯುತ್ತದೆ ಎಂದು ಕೂರುವ ಕಾಲ ಮುಗಿಯಿತು. ದುರ್ಬಲ ಮಗುವಿಗೆ ಜೂನಿನಲ್ಲೇ ಈ 24 ಎಲ್ಲಿಂದ ಬರಬಹುದು ಎಂದು ಪಾಠ ಗುರುತು ಹಾಕಿಕೊಡಿ.

ಹತ್ತು ಮುಗಿಸಿ ಪ್ಲಸ್ ವನ್ನಿಗೆ ಹೋದ ಕೂಡಲೇ ವಿಜ್ಞಾನದ ಪುಸ್ತಕ ಇಂಗ್ಲಿಷಿನದ್ದು, ಅಧ್ಯಾಪಕರ ವಿವರಣೆ ಹಲವು ಕಡೆ ಮಲಯಾಳದಲ್ಲಿ. ಕನ್ನಡ ಮಾಧ್ಯಮದ ಜಾಣ ಮಕ್ಕಳೂ ತತ್ತರಿಸುವುದು ಅಲ್ಲಿ. ಇದಕ್ಕೆ ಎಂಟನೆಯಿಂದಲೇ ಮೂರು ಕಾಲಮ್ಮಿನ ಒಂದು ಪುಸ್ತಕ ಮಾಡಿಸಿ: ಸಮೀಕರಣ – ಇಕ್ವೇಶನ್ – ಸಮವಾಕ್ಯಂ, ತ್ರಿಜ್ಯ – ರೇಡಿಯಸ್ – ಆರಂ, ದ್ಯುತಿಸಂಶ್ಲೇಷಣೆ – ಫೋಟೋಸಿಂಥಸಿಸ್ – ಪ್ರಕಾಶಸಂಶ್ಲೇಷಣಂ. ವಾರಕ್ಕೆ ಹತ್ತೇ ಶಬ್ದ. ನಲವತ್ತು ವಾರಕ್ಕೆ ನಾನೂರಾಗುತ್ತದೆ, ಪ್ಲಸ್ ವನ್ನಿನ ಮೊದಲ ತಿಂಗಳು ದಾಟಲಿಕ್ಕೆ ಅದು ಸಾಕು.

ವರ್ಷದ ಪಾಠವನ್ನು ಮೂರು ತುಂಡು ಮಾಡಿ: ಓಣಂ ಪರೀಕ್ಷೆ, ಕ್ರಿಸ್‌ಮಸ್ ಪರೀಕ್ಷೆ, ಮಾರ್ಚ್. ಓಣಂ ಒಮ್ಮೆ ಆಗಸ್ಟ್ ಕೊನೆಗೆ, ಒಮ್ಮೆ ಸೆಪ್ಟೆಂಬರಿಗೆ ಬರುತ್ತದೆ. ಬೇಗ ಬಂದ ವರ್ಷ ಮೊದಲ ತುಂಡಿಗೆ ಮಳೆ ರಜೆ ಕಳೆದು ಹತ್ತು ವಾರ ಸಿಕ್ಕಿದರೆ ಹೆಚ್ಚು. ಅದರಲ್ಲಿ ಮೊದಲ ಎರಡು ವಾರ ಹಳೆಯ ಗುಂಡಿ ತುಂಬಲಿಕ್ಕೆ. ಹಾಗಾಗಿ ಶಾಲೆಗಿಂತ ಮುಂದೆ ಓಡುವ ಆಸೆ ಮೊದಲ ಟರ್ಮಿನಲ್ಲಿ ಬೇಡ.

ಕೊನೆಯ ವಾರ

ಸೇರ್ಪಡೆ ಫಾರಂ ಒಂದೇ ಪುಟ: ಹೆಸರು, ಶಾಲೆ, ಮಾಧ್ಯಮ, ಮನೆಮಾತು, ಎರಡು ಫೋನ್ ನಂಬರು (ತಂದೆ ಗಲ್ಫಿನಲ್ಲಿದ್ದರೆ ಊರಿನಲ್ಲಿ ಸಿಗುವವರದ್ದು), ಕರೆದುಕೊಂಡು ಹೋಗುವವರು ಯಾರು, ಔಷಧಿ–ಅಲರ್ಜಿ. ವಾಟ್ಸಾಪ್ ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಇಡಿ. ಇಲ್ಲವಾದರೆ ಗುಡ್ ಮಾರ್ನಿಂಗಿನ ಹೂಗಳ ನಡುವೆ ನಿಮ್ಮ ರಜೆಯ ಸೂಚನೆ ಕಾಣೆಯಾಗುತ್ತದೆ. ಅಂಕಗಳನ್ನು ಗುಂಪಿನಲ್ಲಿ ಹಾಕಬೇಡಿ.

ಮೇ ಕೊನೆಯ ಭಾನುವಾರ ಮಧ್ಯಾಹ್ನ ಮೂರಕ್ಕೆ ಪೋಷಕರನ್ನು ಕರೆದು ಸಮಯ, ಫೀಸು, ರಜೆ, ವಾಪಸಾತಿ ಈ ನಾಲ್ಕನ್ನು ಅಚ್ಚು ಮಾಡಿದ ಹಾಳೆಯಲ್ಲಿ ಕೊಟ್ಟು ಸಹಿ ಪಡೆಯಿರಿ. ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ಹಾಳೆ ಓದಬೇಕಾದ ತಾಯಿ ಕನ್ನಡ ಶಾಲೆಗೆ ಹೋದವರಾಗಿರಬೇಕೆಂದಿಲ್ಲ.

ಈಗ ಬೋರ್ಡು. ಪಿವಿಸಿ ಫ್ಲೆಕ್ಸ್ ಕೇರಳದಲ್ಲಿ 2019ರಿಂದ ನಿಷೇಧ, ಬಟ್ಟೆಯಲ್ಲೋ ತಗಡಿನಲ್ಲೋ ಬರೆಸಿ. ತರಗತಿ, ವಿಷಯ, ಮಾಧ್ಯಮ, ಸಮಯ, ಫೋನು, ಇಷ್ಟೇ. ಮೂವತ್ತು ಸೀಟು ತುಂಬಿದ ದಿನ ಅದರ ಕೆಳಗೆ "ಈ ವರ್ಷಕ್ಕೆ ಭರ್ತಿಯಾಗಿದೆ" ಎಂದು ಒಂದು ಚೀಟಿ ಅಂಟಿಸಿ. ಮೂವತ್ತೊಂದನೆಯವರ ಹೆಸರು, ನಂಬರನ್ನು ಕಾಯುವ ಪಟ್ಟಿಯಲ್ಲಿ ಬರೆದುಕೊಳ್ಳಿ. ಓಣಂ ಪರೀಕ್ಷೆ ಕಳೆದ ಮೇಲೆ ಒಂದೆರಡು ಜಾಗ ಖಾಲಿಯಾಗಿಯೇ ಆಗುತ್ತದೆ.